ಕಿರಣಕುಮಾರನ ಮನೆ ತಣ್ಣಗಾದ ದಿನ

ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಅತ್ತೆಯ ಫೋನು ಬಂತು. ಅತ್ತೆ ಅಷ್ಟು ಬೇಗ ಫೋನು ಮಾಡಿದರೆ ಅದು ಕ್ಷೇಮಸಮಾಚಾರಕ್ಕಲ್ಲ ಅನ್ನುವುದು ಕಿರಣಕುಮಾರನಿಗೆ ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ "ಹೂಂ" ಅಂದ.

"ಅಳಿಯಂದ್ರೇ, ಇವತ್ತು ದಿನ ಚೆನ್ನಾಗಿದೆಯಂತೆ. ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಹಂಸನ್ನೂ ಮಗೂನೂ ಕರ್ಕೊಂಡು ಬರ್ತೀನಿ," ಅಂದರು ಆಂಜನಮ್ಮ.

ಬ್ರಷ್ಷು ಬಾಯಿಂದ ಜಾರಿ ಬಕೆಟ್ಟಿಗೆ ಬಿತ್ತು.

"ಆದ್ರೆ ಒಂದು ಮಾತು. ಮೊದ್ಲು ನಾನು ಒಳಗೆ ಬಂದು ನೋಡ್ತೀನಿ. ಮನೆ ಮಗೂಗೆ ಒಗ್ಗೋ ಹಂಗಿದ್ರೆ ಬಿಟ್ಟು ಬರ್ತೀನಿ. ಇಲ್ದಿದ್ರೆ ಅದೇ ಆಟೋದಲ್ಲಿ ವಾಪಸ್ಸು. ಆಮೇಲೆ ಆಷಾಢ ಕಳೆದು ಶ್ರಾವಣಕ್ಕೇ ಮಾತು. ನಿಮ್ಮನೆ ಹೆಂಗಿರುತ್ತೆ ಅಂತ ಹಂಸ ನಂಗೆ ಎಲ್ಲಾ ಹೇಳಿದಾಳೆ."

ಫೋನು ಕಟ್ಟಾಯಿತು. ಕಿರಣಕುಮಾರ ತಲೆಯೆತ್ತಿ ಸೂರು ನೋಡಿದ. ಹಂಸ ಏನು ಹೇಳಿರುತ್ತಾಳೆ ಅಂತ ಸೂರೇ ಹೇಳುತ್ತಿತ್ತು.

ಕಗ್ಗದಾಸಪುರ ಊರಾಗಿದ್ದಾಗ ಆ ಜಾಗದಲ್ಲಿ ರಾಗಿ ಹೊಲವಿತ್ತು, ಬದುವಿನ ಮೇಲೆ ಸಾಲು ಹೊಂಗೆ ಮರಗಳಿದ್ದವು. ಮರ ಹೋಗಿ ಮನೆ ಬಂದವು, ಮನೆ ಮೇಲೆ ಮನೆ ಬಂದವು, ನೆರಳು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಹೊಲದ ಒಡೆಯ ಮುನಿನಾರಾಯಣಪ್ಪ ಈಗ ಕಟ್ಟಡದ ಒಡೆಯ. ಆ ಕಟ್ಟಡದ ತುತ್ತತುದಿಯ ಬಾಡಿಗೆ ಮನೆಯೇ ಕಿರಣಕುಮಾರನದು. ಮೇಲೆ ಬರೀ ತಾರಸಿ, ಅದರ ಮೇಲೆ ಸೂರ್ಯ. ಏಪ್ರಿಲ್ ತಿಂಗಳಲ್ಲಿ ಗೋಡೆಗೆ ಹಪ್ಪಳ ಒತ್ತಿ ಹಿಡಿದರೆ ಸುಟ್ಟು ಕೈಗೆ ಬರುತ್ತಿತ್ತು. ಹೋದ ಬೇಸಿಗೆಯಲ್ಲಿ ಹಂಸ ಒದ್ದೆ ಟವೆಲ್ಲು ಹೊದ್ದು ಬಚ್ಚಲ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಸೀಮಂತ ಮುಗಿಸಿ ಸರ್ವಜ್ಞನಗರದ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮಗುವಿಗೆ ಮೂರು ತಿಂಗಳು ತುಂಬಿತ್ತು. ಭಾನುವಾರ ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದ. ಮಗಳು ಅವನನ್ನು ಮೀಟರು ಓದಲು ಬಂದವನನ್ನು ನೋಡಿದ ಹಾಗೆ ನೋಡುತ್ತಿದ್ದಳು. ಇನ್ನು ಶ್ರಾವಣದ ತನಕ ಬಿಟ್ಟರೆ ಅವಳು "ಮಾಮ" ಅಂತ ಕರೆದರೂ ಆಶ್ಚರ್ಯವಿರಲಿಲ್ಲ.

ಇದರಲ್ಲಿ ನಗುವವರು ನಗಬೇಕಾದ ಸಂಗತಿ ಇನ್ನೊಂದಿದೆ. ಕಿರಣಕುಮಾರನ ಕೆಲಸವೇ ಮನೆ ತಣ್ಣಗೆ ಮಾಡಿಸುವುದು. "ತಂಪುಮನೆ" ಅಂತ ಒಂದು ಸಂಸ್ಥೆ. ಅದರ ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ, ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಕರೆಂಟು ಕಮ್ಮಿ ತಿನ್ನುವ ಫ್ಯಾನು ಹಾಕಿಸಿ, ಕಿಟಕಿಗೆ ತಟ್ಟಿ ಕಟ್ಟಿಸಿ, ಬಿಲ್ಲು ಇಳಿಯುತ್ತೆ, ಮನೆಯೂ ತಂಪಾಗುತ್ತೆ ಅಂತ ಮಾಲೀಕರಿಗೆ ಹೇಳಬೇಕು. ಅವನು ಹೇಳುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಒಬ್ಬರು ನಾಯಿ ಬಿಟ್ಟರು. ಒಬ್ಬರು ಕೂರಿಸಿ, ಕಾಫಿ ಕೊಟ್ಟು, ಕೊನೆಯ ತನಕ ತಲೆಯಾಡಿಸಿ, "ಎಲ್ಲಾ ಸರಿ, ನಮಗೆ ಇನ್ಶೂರೆನ್ಸ್ ಬೇಡ" ಅಂದರು. ಕೊನೆಗೆ ಸಂಸ್ಥೆಯವರೇ, ಯಾವುದಾದರೂ ಒಂದು ಮನೆಗೆ ಎಲ್ಲವನ್ನೂ ಪುಕ್ಕಟೆ ಮಾಡಿಕೊಟ್ಟು "ಮಾದರಿ ಮನೆ" ಅಂತ ಬೋರ್ಡು ಹಾಕುವ, ಅದನ್ನು ನೋಡಿಯಾದರೂ ಬೇರೆಯವರಿಗೆ ಬುದ್ಧಿ ಬರಲಿ ಅಂತ ತೀರ್ಮಾನಿಸಿದ್ದರು. ಪುಕ್ಕಟೆಗೂ ಇನ್ನೂ ಯಾರೂ ಸಿಕ್ಕಿರಲಿಲ್ಲ.

ಕಿರಣಕುಮಾರ ತನ್ನ ಮೇಲಿನವರಾದ ಬೃಂದಾ ಮೇಡಂಗೆ ಫೋನು ಹಚ್ಚಿದ.

"ಮೇಡಂ, ಮಾದರಿ ಮನೆ ಸಿಕ್ತು. ಇವತ್ತೇ ಕೆಲಸ ಆಗ್ಬೇಕು."

"ಓನರ್ ಒಪ್ಪಿದಾರಾ?"

"ಖುಷಿಯಿಂದ ಒಪ್ಪಿದಾರೆ ಮೇಡಂ."

"ವೆರಿ ಗುಡ್. ಶಿವಾಜಿನಗರದಿಂದ ಸಾಮಾನು ಈಗಲೇ ಕಳಿಸ್ತೀನಿ."

ಟೆಂಪೋ ಹೊರಟಿತು. ಓನರನ್ನು ಒಪ್ಪಿಸುವುದೊಂದು ಬಾಕಿ ಇತ್ತು. ಕಿರಣಕುಮಾರ ಮೆಟ್ಟಿಲಿಳಿದ.

ಮುನಿನಾರಾಯಣಪ್ಪ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬನಿಯನ್ನಿನಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಹಿಂದೆ ಹೊಲ ಕಾಯುತ್ತಿದ್ದ ಹಾಗೆಯೇ ಈಗ ರಸ್ತೆ ಕಾಯುತ್ತಿದ್ದರು.

"ಸರ್, ನಮ್ಮ ತಾರಸಿಗೆ ಬಿಳೀ ಬಣ್ಣ ಹೊಡಿಸೋಣ ಅಂತ..."

"ಯಾಕಪ್ಪಾ, ವಿಮಾನ ಇಳಿಸ್ತೀಯಾ?"

"ಬಿಸಿಲು ಬಿದ್ದಂಗೇ ವಾಪಸ್ ಹೋಗುತ್ತೆ ಸರ್. ಮನೆ ತಂಪಾಗುತ್ತೆ. ಕರೆಂಟ್ ಉಳಿಯುತ್ತೆ."

"ಉಳಿಸಿ ಯಾರಿಗ್ ಕೊಡ್ಬೇಕು? ಸರ್ಕಾರದೋರು ಇನ್ನೂರು ಯೂನಿಟ್ ತನಕ ಬಿಟ್ಟಿ ಕೊಡ್ತಾವ್ರೆ. ಬಿಟ್ಟಿ ಬಡಿಸಿದ್ದನ್ನ ಎಲೇಲಿ ಬಿಟ್ಟು ಏಳಬಾರದು. ಅಮರ್ಯಾದೆ."

"ಹಂಗಲ್ಲ ಸರ್..."

"ಹಂಗೇ. ಇನ್ನೊಂದು ಕೇಳು. ಕಾಯ್ತಿರೋದು ನೀನಿರೋ ಮನೆ. ಉಳಿಯೋದು ನಿನ್ನ ಬಿಲ್ಲು. ತಾರಸಿ ಮಾತ್ರ ನಂದು. ನಂಗೇನೈತೆ ಇದ್ರಲ್ಲಿ?"

ಈ ಪ್ರಶ್ನೆಗೆ ಸಂಸ್ಥೆಯವರು ಕೊಟ್ಟ ತರಬೇತಿಯಲ್ಲಿ ಉತ್ತರವಿರಲಿಲ್ಲ.

"ನಿಮಗೇನೂ ಖರ್ಚಿಲ್ಲ ಸರ್. ಎಲ್ಲಾ ಪುಕ್ಕಟೆ."

ಮುನಿನಾರಾಯಣಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಪುಕ್ಕಟೆನಾ? ಹಂಗಾದ್ರೆ ಬ್ಯಾಡವೇ ಬ್ಯಾಡ. ಇವತ್ತು ಬಣ್ಣ ಹೊಡೀತೀವಿ ಅಂತ ಹತ್ತುತಾರೆ, ನಾಳೆ ಮಹಡಿ ಎಣಿಸ್ತೀವಿ ಅಂತ ಹತ್ತುತಾರೆ. ಪ್ಲಾನಲ್ಲಿ ಇರೋದೆಷ್ಟು, ಇಲ್ಲಿ ನಿಂತಿರೋದೆಷ್ಟು ಅಂತ ನಿಂಗ್ ಗೊತ್ತಿಲ್ವಾ? ನೀನಿರೋ ಮನೆ ಪ್ಲಾನಲ್ಲೇ ಇಲ್ಲ ಕಣಯ್ಯಾ!"

ಟೆಂಪೋ ಅಷ್ಟೊತ್ತಿಗೆ ಹಲಸೂರು ದಾಟಿರಬೇಕು. ಬಣ್ಣ ಎಲ್ಲಿಗಾದರೂ ಹೋಗಲೇಬೇಕಲ್ಲ. ಕುತಂತ್ರವಿಲ್ಲದೆ, ಬರೀ ಹತಾಶೆಯಲ್ಲಿ ಕಿರಣಕುಮಾರನ ಬಾಯಿಂದ ಒಂದು ಮಾತು ಬಿತ್ತು.

"ಆಯ್ತು ಬಿಡಿ ಸರ್. ಪಕ್ಕದಲ್ಲಿ ಪಿಳ್ಳಪ್ಪನವರನ್ನ ಕೇಳ್ತೀನಿ. ಅವರ ಹೆಸರಲ್ಲೇ ಬೋರ್ಡ್ ಹಾಕ್ಲಿ."

ಪಿಳ್ಳಪ್ಪ ಅಂದರೆ ಮುನಿನಾರಾಯಣಪ್ಪನವರ ಒಡಹುಟ್ಟಿದ ತಮ್ಮ. ಭಾಗ ಆದಂದಿನಿಂದ ಇಬ್ಬರಿಗೂ ಮಾತಿಲ್ಲ. ಎರಡು ಕಟ್ಟಡಗಳೂ ಒಂದಕ್ಕೊಂದು ಆತುಕೊಂಡೇ ನಿಂತಿದ್ದವು, ತಾರಸಿಗಳ ನಡುವೆ ಒಂದು ಮೋಟುಗೋಡೆ ಅಷ್ಟೇ.

"ಏನ್ ಬೋರ್ಡು?"

"ಮಾದರಿ ಮನೆ ಅಂತ ಸರ್. ಗೇಟಿಗೆ ಹಾಕ್ತಾರೆ. ಮಾಲೀಕರ ಹೆಸರು ದೊಡ್ಡದಾಗಿ ಬರೆದು."

"ಅವನ ಮನೆ ಮಾದರಿ ಮನೆನಾ? ಅಪ್ಪ ಸತ್ತಾಗ ಕಂಚಿನ ಹಂಡೆಗೆ ಜಗಳ ಆಡಿದೋನು!" ಮುನಿನಾರಾಯಣಪ್ಪ ಎದ್ದೇ ಬಿಟ್ಟರು. "ಹೊಡಿ ಬಣ್ಣ! ಎರಡು ಕೈ ಹೊಡಿ! ಆದ್ರೆ ಮೇಲ್ಗಡೆ ಸಂಡಿಗೆ ಐತೆ. ಅದರ ವಿಚಾರ ನನ್ನ ಕೇಳ್ಬ್ಯಾಡ, ಪಾಪಮ್ಮನ್ನ ಕೇಳು."

ಪಾಪಮ್ಮ ಅವರ ಹೆಂಡತಿ. ವರ್ಷಕ್ಕೊಂದು ಸಲ ಇಡೀ ತಾರಸಿಗೆ ಹಳೇ ಸೀರೆಗಳನ್ನು ಹಾಸಿ, ನೆಂಟರಿಷ್ಟರಿಗೆಲ್ಲ ಆಗುವಷ್ಟು ಸಂಡಿಗೆ ಇಡುತ್ತಿದ್ದರು. ಆವತ್ತು ಸಂಡಿಗೆ ಅರ್ಧ ಒಣಗಿತ್ತು.

"ಬಿಳೀ ಬಣ್ಣ ಹೊಡೆದ್ರೆ ನೆಲ ಕಾಯಲ್ವಾ?" ಅಂತ ಕೇಳಿದರು.

"ಕಾಯೋದೇ ಇಲ್ಲಮ್ಮಾ!" ಕಿರಣಕುಮಾರ ಹೆಮ್ಮೆಯಿಂದ ಹೇಳಿದ.

"ಮತ್ತೆ ಸಂಡಿಗೆ ಎಂಗಪ್ಪಾ ಒಣಗೋದು? ಮೇಲಿಂದ ಬಿಸಿಲು, ಕೆಳಗಿಂದ ನೆಲ, ಎರಡೂ ಕಡೆ ಕಾದ್ರೇನೇ ಸಂಡಿಗೆ. ಇಲ್ದಿದ್ರೆ ಗಂಜಿ."

ತಾನು ಇಷ್ಟು ವರ್ಷ ಶಾಪ ಹಾಕಿದ ಬಿಸಿಗೆ ಒಬ್ಬರು ವಾರಸುದಾರರಿದ್ದಾರೆ ಅಂತ ಕಿರಣಕುಮಾರನಿಗೆ ಗೊತ್ತಾದದ್ದು ಆವಾಗಲೇ. ಮಗು ಬರುತ್ತಿದೆ ಅಂತ ಕೈಮುಗಿದ. ಮಗು ಅಂದ ಮೇಲೆ ಪಾಪಮ್ಮ ಕರಗಿದರು. ಸಂಡಿಗೆಯನ್ನು ಒಂದೂ ಮುರಿಯದ ಹಾಗೆ ಅವನೇ ಇಳಿಸಿ, ರಸ್ತೆ ಬಿಸಿಲಿಗೆ ಹಾಸಬೇಕು ಅಂತ ತೀರ್ಮಾನವಾಯಿತು.

ಸಂಡಿಗೆ ಇಟ್ಟ ಸೀರೆಯನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಹೆಣ ಇಳಿಸಿದ ಹಾಗೆ ಇಳಿಸಬೇಕು. ಅವನೊಬ್ಬನೇ ಇದ್ದ. ಎರಡು ಮೂಲೆ ಕೈಯಲ್ಲಿ, ಒಂದು ಮೂಲೆ ಹಲ್ಲಲ್ಲಿ, ನಾಲ್ಕನೆಯದು ದೇವರ ಮೇಲೆ. ಎರಡನೇ ಮಹಡಿಯ ತಿರುವಿನಲ್ಲಿ ದೇವರು ಕೈಬಿಟ್ಟ. ಕಿರಣಕುಮಾರ ಸೀರೆಯ ಸಮೇತ ಉರುಳಿ ಸುರಯ್ಯಾಳ ಬಾಗಿಲ ಮುಂದೆ ಬಂದು ಕೂತ. ಅರೆಹಸಿ ಸಂಡಿಗೆಗಳು ಅಂಗಿಗೂ ಗಡ್ಡಕ್ಕೂ ಅಂಟಿಕೊಂಡಿದ್ದವು.

ಸುರಯ್ಯಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಿಷನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. "ಅರೆ ಕಿರಣ್ ಭಾಯ್! ಮೈತುಂಬ ಮುತ್ತು ಕೂರಿಸ್ಕೊಂಡು ಎಲ್ಲಿಗೆ? ನಿಕಾಹ್‌ಗಾ?"

"ನಗಬೇಡ ಸುರಯ್ಯಾ. ಇವತ್ತು ಮಗು ಬರ್ತಿದೆ. ಮನೆ ತಣ್ಣಗಾಗ್ಲಿಲ್ಲ ಅಂದ್ರೆ ಅತ್ತೆ ವಾಪಸ್ ಕರ್ಕೊಂಡು ಹೋಗ್ತಾರೆ."

ಅವಳು ನಗು ನಿಲ್ಲಿಸಿ ಅವನ ಬೆನ್ನಿನ ಸಂಡಿಗೆ ಬಿಡಿಸಿದಳು. ಕೆಳಗಿಂದ ಪಾಪಮ್ಮನ ಗೋಳು ಕೇಳಿಸುತ್ತಿತ್ತು. ಹೋದ ಸಂಡಿಗೆಯೆಲ್ಲ ಯಾವ ಯಾವ ಊರಿನ ಯಾವ ಯಾವ ನಾದಿನಿಗೆ ಹೋಗಬೇಕಿತ್ತು ಅಂತ ಅವರು ಹೆಸರು ಹಿಡಿದು ಅಳುತ್ತಿದ್ದರು.

ಅಷ್ಟರಲ್ಲಿ ಟೆಂಪೋ ಬಂತು. ಬಣ್ಣದ ಡಬ್ಬಗಳ ಜೊತೆ ಪೇಂಟರ್ ಫೈಸಲ್ ಇಳಿದ, ಫ್ಯಾನಿನ ಡಬ್ಬದ ಜೊತೆ ಎಲೆಕ್ಟ್ರಿಶಿಯನ್ ನಯಾಜ್ ಇಳಿದ. ಫೈಸಲ್ ಮೇಲೆ ಹೋಗಿ ತಾರಸಿ ನೋಡಿ ತಲೆ ಕೊಡವಿದ.

"ಮೊದ್ಲು ತೊಳೀಬೇಕು ಸರ್. ಧೂಳಿನ ಮೇಲೆ ಹೊಡೆದ್ರೆ ಬಣ್ಣ ಸಿಪ್ಪೆ ಏಳುತ್ತೆ. ನೀರು ಎಲ್ಲಿ?"

ಏಪ್ರಿಲ್ ತಿಂಗಳಲ್ಲಿ ಕಗ್ಗದಾಸಪುರದಲ್ಲಿ ನೀರು ಕೇಳುವುದೂ ಒಂದೇ, ಕಿಡ್ನಿ ಕೇಳುವುದೂ ಒಂದೇ. ಟ್ಯಾಂಕರು ನಾಳೆ ಬರಬೇಕಿತ್ತು. ಕಿರಣಕುಮಾರ ತನ್ನ ಬಕೆಟ್ಟು, ಬಿಂದಿಗೆ, ಕುಡಿಯುವ ನೀರಿನ ಕ್ಯಾನು ಎಲ್ಲಾ ತಂದು ಸುರಿದ. ತಾರಸಿಯ ಒಂದು ಮೂಲೆ ಒದ್ದೆಯಾಯಿತು, ನೋಡುನೋಡುತ್ತ ಒಣಗಿಯೂ ಹೋಯಿತು.

ಮತ್ತೆ ಸುರಯ್ಯಾಳ ಬಾಗಿಲು ತಟ್ಟಿದ. ಅವಳ ಮನೆಯಲ್ಲಿ ಒಂದು ನೀಲಿ ಡ್ರಮ್ಮು ತುಂಬಿತ್ತು.

"ಕಿಡ್ನಿ ಬೇಕಾದ್ರೆ ತಗೊಳ್ಳಿ ಭಾಯ್, ಎರಡಿದೆ. ಡ್ರಮ್ ಒಂದೇ."

ಕಿರಣಕುಮಾರ ಗಡ್ಡದಲ್ಲಿ ಸಂಡಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತ. ಅವಳು ಅವನನ್ನು ನೋಡಿದಳು, ಡ್ರಮ್ಮನ್ನು ನೋಡಿದಳು.

"ಬಚ್ಚಿಗೋಸ್ಕರ ಕೊಡ್ತಿರೋದು, ನಿಮಗಲ್ಲ," ಅಂತ ಡ್ರಮ್ಮಿನ ಮುಚ್ಚಳ ತೆಗೆದಳು. "ಫ್ಯಾನ್ ಹಾಕಿದ ಮೇಲೆ ಮೊದ್ಲು ನಾನೇ ಕೂತ್ಕೊಳ್ಳೋದು. ಹೇಳಿದೀನಿ."

ತಾರಸಿ ತೊಳೆದಾಯಿತು. ಫೈಸಲ್ ಉದ್ದ ಕೋಲಿಗೆ ರೋಲರ್ ಸಿಕ್ಕಿಸಿಕೊಂಡು ಬಣ್ಣ ಹೊಡೆಯತೊಡಗಿದ. ಬಿಸಿಲು ಆ ಬಿಳುಪಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಕಿರಣಕುಮಾರನೂ ಒಂದು ರೋಲರ್ ಹಿಡಿದ. ಮಧ್ಯಾಹ್ನದ ಹೊತ್ತಿಗೆ ನೆಲವೆಲ್ಲ ಮುಗಿಯಿತು. ಇನ್ನೇನು ಕಷ್ಟ ಕಳೆಯಿತು ಅನ್ನುವಾಗ ಫೈಸಲ್ ಒಂದು ತಪ್ಪು ಮಾಡಿದ.

ಆ ಕಡೆಯ ಹಳೇ ಮನೆತನಗಳಲ್ಲಿ ಒಂದು ಮಾತುಂಟು: ಸುಣ್ಣ ಬಳಿದವನದೇ ಗೋಡೆ. ಕಾಗದ ಪತ್ರ ಏನು ಬೇಕಾದರೂ ಹೇಳಲಿ, ಕೋರ್ಟು ಏನು ಬೇಕಾದರೂ ಹೇಳಲಿ, ಹಬ್ಬಕ್ಕೆ ಯಾರು ಸುಣ್ಣ ಬಳಿಯುತ್ತಾರೋ ಗೋಡೆ ಅವರದು. ಅದಕ್ಕೇ ಅಣ್ಣತಮ್ಮಂದಿರ ನಡುವಿನ ಆ ಮೋಟುಗೋಡೆಗೆ ಭಾಗವಾದಂದಿನಿಂದ ಒಬ್ಬರೂ ಸುಣ್ಣ ಮುಟ್ಟಿಸಿರಲಿಲ್ಲ. ಅಣ್ಣ ಬಳಿದರೆ ತಮ್ಮ ಬಿಡುವುದಿಲ್ಲ, ತಮ್ಮ ಬಳಿದರೆ ಅಣ್ಣ ಬಿಡುವುದಿಲ್ಲ. ಗೋಡೆ ಪಾಚಿ ಕಟ್ಟಿ, ಎಮ್ಮೆ ಚರ್ಮದ ಹಾಗೆ ಕಪ್ಪಗೆ ನಿಂತಿತ್ತು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಫೈಸಲ್‌ಗೆ ಇದೆಲ್ಲಿಂದ ಗೊತ್ತಾಗಬೇಕು? ರೋಲರಿನಲ್ಲಿ ಬಣ್ಣ ಉಳಿದಿತ್ತು. ಗೋಡೆ ಕೊಳಕಾಗಿ ಕಂಡಿತು. ಒಂದು ಉದ್ದಕ್ಕೆ ಎಳೆದುಬಿಟ್ಟ.

ಆಚೆ ತಾರಸಿಯಲ್ಲಿ ಪಿಳ್ಳಪ್ಪ ನೀರಿನ ತೊಟ್ಟಿ ಬಗ್ಗಿ ನೋಡುತ್ತಿದ್ದರು. ತಲೆಯೆತ್ತಿದರು.

"ಅಯ್ಯಯ್ಯೋ! ನನ್ನ ಗೋಡೆ ಹೊಡ್ಕೊಂಡ್ರಪ್ಪೋ!"

ಆ ಕೂಗಿಗೆ ಬೀದಿಯ ಕಾಗೆಗಳೆಲ್ಲ ಎದ್ದವು. ಎದ್ದವು, ಮುರಿಯದೆ ಉಳಿದು ರಸ್ತೆಯಲ್ಲಿ ಹಾಸಿದ್ದ ಸಂಡಿಗೆಯ ಮೇಲೆ ಇಳಿದವು. ಪಾಪಮ್ಮ ಕೋಲು ಹಿಡಿದು ಕಾಗೆಯ ಹಿಂದೆ, ಮುನಿನಾರಾಯಣಪ್ಪ ಪಂಚೆ ಎತ್ತಿ ಕಟ್ಟಿ ಮೆಟ್ಟಿಲ ಮೇಲೆ. ಅಕ್ಕಪಕ್ಕದ ತಾರಸಿಗಳಲ್ಲೆಲ್ಲ ತಲೆಗಳು ಮೂಡಿದವು.

ಅಣ್ಣತಮ್ಮಂದಿರು ಗೋಡೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತರು. ನಡುವೆ ಒಂದು ಮೊಳ ಜಾಗ. ಮಾತಾಡಬೇಕು, ಆದರೆ ಮಾತಿಲ್ಲ. ಹಾಗಾಗಿ ಇಬ್ಬರೂ ಕಿರಣಕುಮಾರನನ್ನು ನೋಡಿ ಮಾತಾಡಿದರು.

"ಹೇಳಪ್ಪಾ ಅವನಿಗೆ, ಗೋಡೆ ಅಪ್ಪ ಕಟ್ಸಿದ್ದು ಅಂತ."

"ಹೇಳಪ್ಪಾ ಅವರಿಗೆ, ಅಪ್ಪ ಕಟ್ಸಿದ್ದು ಗೋಡೆ, ಇಟ್ಟಿಗೆ ಹೊತ್ತಿದ್ದು ನಾನು ಅಂತ."

"ಹೇಳು, ಇಟ್ಟಿಗೆ ಹೊರ್ತೀನಿ ಅಂತ ಹೋಗಿ ಹುಣಸೇಮರದ ಕೆಳಗೆ ನಿದ್ದೆ ಹೊಡೀತಿದ್ದ ಅಂತ."

"ಸರ್, ಇಬ್ಬರಿಗೂ ಕೇಳಿಸ್ತಿದೆ ಸರ್," ಅಂದ ಕಿರಣಕುಮಾರ.

"ನೀನು ಹೇಳು!" ಇಬ್ಬರೂ ಒಟ್ಟಿಗೆ ಗದರಿದರು.

ಪಿಳ್ಳಪ್ಪ ಒಳಗೆ ಹೋಗಿ, ಬಾಗಿಲಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದ ಡಬ್ಬ ತಂದರು. ಬಿಳಿಯ ಮೇಲೆ ಕೆಂಪು ಬಳಿದು ಗೋಡೆ ವಾಪಸ್ಸು ತಗೊಳ್ಳುತ್ತೇನೆ ಅಂತ ಕುಂಚ ಅದ್ದಿದರು. ಹಾಗಾದರೆ ನಾನು ಕೆಂಪಿನ ಮೇಲೆ ಮತ್ತೆ ಬಿಳಿ ಬಳಿಯುತ್ತೇನೆ ಅಂತ ಮುನಿನಾರಾಯಣಪ್ಪ ಫೈಸಲ್‌ನ ಕೈಯಿಂದ ಕುಂಚ ಕಿತ್ತುಕೊಂಡರು. ಸೂರ್ಯ ಆಗಲೇ ಪಡುವಣಕ್ಕೆ ವಾಲುತ್ತಿದ್ದ. ಫ್ಯಾನು ಇನ್ನೂ ಡಬ್ಬದಲ್ಲೇ ಇತ್ತು. ಕಿರಣಕುಮಾರನಿಗೆ ಮಗಳ ಮುಖ ಕಣ್ಣೆದುರು ಬಂತು. ಹೋಗಿ ಗೋಡೆಯ ಮೇಲೆ ಕುದುರೆ ಹತ್ತಿದ ಹಾಗೆ ಹತ್ತಿ ಕೂತ. ಒಂದು ಕಾಲು ಅಣ್ಣನ ಕಡೆ, ಇನ್ನೊಂದು ತಮ್ಮನ ಕಡೆ.

"ಪಿಳ್ಳಪ್ಪನವರೇ, ನಿಮ್ಮ ತಾರಸಿಗೂ ಬಿಳೀ ಬಣ್ಣ ಹೊಡಿಸಿಕೊಡ್ತೀನಿ. ನಿಮ್ಮ ಕಡೆ ಗೋಡೆ ನೀವೇ ಬಳೀರಿ. ಅವರ ಕಡೆ ಅವರು ಬಳೀಲಿ. ಗೋಡೆ ನೆತ್ತಿ ಯಾರೂ ಮುಟ್ಟಬೇಡಿ, ನಾನೇ ಕೂತಿರ್ತೀನಿ."

ಪಿಳ್ಳಪ್ಪ ಯೋಚಿಸಿದರು. "ನಂಗೂ ಬೋರ್ಡು?"

"ನಿಮಗೂ ಬೋರ್ಡು."

"ಅವರದಕ್ಕಿಂತ ಚಿಕ್ಕದಿರಬಾರದು."

ರಾಜಿ ಆಯಿತು. ಇಬ್ಬರಿಗೂ ಒಂದೊಂದು ಬಿಳಿ ಕುಂಚ. ಯಾರು ಮೊದಲು ಮುಗಿಸುತ್ತಾರೋ ಅವರದೇ ಗೋಡೆ ಅನ್ನುವ ಹಾಗೆ ಇಬ್ಬರೂ ಉಸಿರು ಬಿಡದೆ ಬಳಿದರು. ಎರಡು ಕುಂಚಗಳೂ ಸೇರುವ ಜಾಗದಲ್ಲಿ ಕಿರಣಕುಮಾರನಿದ್ದ. ಕೆಲಸ ಮುಗಿದಾಗ ಅವನ ಎಡಗಾಲನ್ನು ಅಣ್ಣ ಬಳಿದಿದ್ದರು, ಬಲಗಾಲನ್ನು ತಮ್ಮ ಬಳಿದಿದ್ದರು. ಕಿವಿಗಳು ಯಾರ ಪಾಲಿಗೆ ಬಂದಿದ್ದವೋ ಗೊತ್ತಿಲ್ಲ, ಅವೂ ಬೆಳ್ಳಗಾಗಿದ್ದವು. ಇಡೀ ಕಗ್ಗದಾಸಪುರದಲ್ಲಿ ಎಷ್ಟೋ ತಿಂಗಳು ಅಲೆದು ಒಬ್ಬ ಮಾಲೀಕನನ್ನೂ ಒಪ್ಪಿಸಲಾಗದವನು ಒಂದೇ ಮಧ್ಯಾಹ್ನ ಇಬ್ಬರನ್ನು ಒಪ್ಪಿಸಿದ್ದ. ಅದನ್ನು ನೆನೆದು ಸಂತೋಷಪಡಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಕೆಳಗೆ ಮನೆಯೊಳಗೆ ನಯಾಜ್ ಹಳೇ ಫ್ಯಾನು ಇಳಿಸಿ ಹೊಸದು ಹಾಕಿದ್ದ. ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಸುರಯ್ಯಾಳ ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು ಅದರ ಮೇಲೆ ಚಿಮುಕಿಸಿದ. ರಿಮೋಟು ಒತ್ತಿದ. ಫ್ಯಾನು ಸದ್ದಿಲ್ಲದೆ ತಿರುಗಿತು.

ಕಿರಣಕುಮಾರ ಒಳಗೆ ಕಾಲಿಟ್ಟ. ಇಟ್ಟವನು ಅಲ್ಲೇ ನಿಂತ. ನೆಲ ಸುಡಲಿಲ್ಲ. ಗೋಡೆ ಮುಟ್ಟಿದ, ಗೋಡೆಯೂ ಸುಡಲಿಲ್ಲ. ಹಳೇ ಬಾವಿಯೊಳಗೆ ಇಳಿದಾಗ ಬರುವಂಥ ತಂಪು, ಅದರಲ್ಲಿ ಲಾವಂಚದ ವಾಸನೆ. ಅವನಿಗೆ ಅಳು ಬಂತು.

ಮಾತಿನ ಪ್ರಕಾರ ಸುರಯ್ಯಾ ಮೊದಲು ಬಂದು ಫ್ಯಾನಿನ ಕೆಳಗೆ ಕೂತಳು. "ಯಾ ಅಲ್ಲಾ, ಜನ್ನತ್!" ಅಂದಳು. ಪಾಪಮ್ಮ ಬಂದರು, ಸಂಡಿಗೆಯ ದುಃಖ ಮರೆತು ಸೆರಗು ಹಾಸಿ ಒರಗಿದರು. ಮುನಿನಾರಾಯಣಪ್ಪ ಗೋಡೆಗೆ ಬೆನ್ನು ಕೊಟ್ಟು, "ನಮ್ಮ ಹೊಂಗೆಮರದ ನೆರಳಿದ್ದಂಗೈತೆ ಕಣೇ," ಅಂತ ಹೆಂಡತಿಗೆ ಹೇಳಿ ಕಣ್ಣು ಮುಚ್ಚಿದರು. ಯಾರೂ ಏಳುವ ಹಾಗೆ ಕಾಣಲಿಲ್ಲ. ಇರಲಿ, ಅತ್ತೆ ನೋಡಲಿ, ನಾಲ್ಕು ಜನ ಮೆಚ್ಚಿದ ಮನೆ ಅಂತ ಗೊತ್ತಾಗಲಿ ಅಂದುಕೊಂಡು ಕಿರಣಕುಮಾರ ಫ್ಯಾನನ್ನು ಇನ್ನೊಂದು ಸುತ್ತು ಜೋರು ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೆಳಗೆ ಆಟೋ ನಿಂತಿತು.

ಮೊದಲು ಆಂಜನಮ್ಮ ಒಳಗೆ ಬಂದರು. ಅವರ ಎದೆಗೆ ಒತ್ತಿಕೊಂಡಿದ್ದ ಗಂಟೇ ಮಗು. ಉಣ್ಣೆ ಟೋಪಿ, ಉಣ್ಣೆ ಕಾಲುಚೀಲ, ಅದರ ಮೇಲೊಂದು ಶಾಲು. ಮೂಗಿನ ತುದಿ ಮಾತ್ರ ಹೊರಗಿತ್ತು. ಹಿಂದೆ ಹಂಸ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಬೆವರುತ್ತ ಬಂದಳು. ಒಳಗೆ ಬಂದವಳೇ ಕಣ್ಣರಳಿಸಿದಳು.

"ರೀ... ಇದು ನಮ್ಮನೇನಾ?"

ಕಿರಣಕುಮಾರ ಬೆಳ್ಳನೆ ಕಿವಿಗಳ ಸಮೇತ ಹಿಗ್ಗಿದ. "ನೋಡಿ ಅತ್ತೆ. ಒಳಗೆ ಬಂದು ಚೆನ್ನಾಗಿ ನೋಡಿ."

ಆಂಜನಮ್ಮ ಚಪ್ಪಲಿ ಬಿಟ್ಟು ಇನ್ನೊಂದು ಹೆಜ್ಜೆ ಇಟ್ಟರು. ಪಾದ ತಕ್ಷಣ ಮೇಲೆತ್ತಿದರು.

"ಇದೇನು ನೆಲ ಹಿಂಗೆ ಕೊರೀತಿದೆ?"

"ತಂಪು ಅತ್ತೆ! ತಾರಸಿಗೆ ಬಿಳೀ ಬಣ್ಣ ಹೊಡಿಸಿದೀನಿ. ಹೊಸ ಫ್ಯಾನು. ಲಾವಂಚದ ತಟ್ಟಿ. ಇನ್ನು ಈ ಮನೆ ಯಾವತ್ತೂ ಕಾಯಲ್ಲ."

ಆಂಜನಮ್ಮ ಫ್ಯಾನು ನೋಡಿದರು, ತಟ್ಟಿ ನೋಡಿದರು, ಅಳಿಯನನ್ನು ನೋಡಿದರು. ಅಳಿಯ ಮಗು ಕದಿಯಲು ಬಂದವನೋ ಅನ್ನುವ ಹಾಗೆ ಶಾಲನ್ನು ಇನ್ನಷ್ಟು ಬಿಗಿಮಾಡಿದರು.

"ಅಳಿಯಂದ್ರೇ, ನಿಮಗೇನು ತಲೆ ನೆಟ್ಟಗಿದೆಯಾ? ಬಾಣಂತಿ, ಹಸುಗೂಸು ಬರೋ ಮನೇನಾ ಇದು? ನಮ್ಮದು ಹಳೇ ಕಾಲದ ಕಲ್ಲುಗೋಡೆ ಮನೆ, ಥಂಡಿ. ಅಗ್ಗಿಷ್ಟಿಕೆ ಇಟ್ಟೂ ಇಟ್ಟೂ ನನ್ನ ಕೈ ಕರೀಗಾಯ್ತು, ಮಗೂಗೆ ಶೀತ ಹೋಗ್ಲಿಲ್ಲ. ನಿಮ್ಮನೆ ಒಲೆ ಇದ್ದಂಗೆ ಕಾಯುತ್ತೆ ಅಂತ ಹಂಸ ಹೇಳ್ತಿದ್ಲು. ಆ ಬೆಚ್ಚಗೆ ಬಾಣಂತಿ ಮೈ ಗಟ್ಟಿಯಾಗುತ್ತೆ, ಮಗು ಎದೇಲಿ ಕಟ್ಟಿರೋ ಕಫ ಬಿಡುತ್ತೆ ಅಂತ, ಐದು ತಿಂಗಳಿಗೆ ಕಳಿಸಬೇಕಾದೋಳನ್ನ ಮೂರಕ್ಕೇ ಹೊರಡಿಸ್ಕೊಂಡು ಬಂದೆ. ನೀವು ನೋಡಿದ್ರೆ..."

ಕಿರಣಕುಮಾರ ಫ್ಯಾನಿನ ರಿಮೋಟಿಗೆ ತಡಕಾಡಿದ.

"ಅಮ್ಮ, ಇಷ್ಟು ಚೆನ್ನಾಗಿದೆ, ಇರ್ತೀನಮ್ಮ," ಅಂದಳು ಹಂಸ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಲು ಕೈ ಎತ್ತಿದ್ದಳು.

ಆಗ ಶಾಲಿನೊಳಗಿಂದ ಒಂದು ಸಣ್ಣ ಸದ್ದು ಬಂತು. ಮಗು ಸೀನಿತು.

ಒಂದೇ ಸೀನು. ಲಾವಂಚದ ನಾರಿಗೋ, ಬಣ್ಣದ ವಾಸನೆಗೋ. ಆದರೆ ಆ ಸೀನಿನ ಮೇಲೆ ಅಪೀಲು ಇರಲಿಲ್ಲ.

"ಅಯ್ಯೋ ಕಂದಾ!" ಅಂತ ಮೊದಲು ಎದ್ದವರು ಪಾಪಮ್ಮ. ಅಷ್ಟು ಹೊತ್ತು ಅದೇ ತಂಪಿನಲ್ಲಿ ಸೆರಗು ಹಾಸಿ ಒರಗಿದ್ದವರು, "ಕರ್ಕೊಂಡು ಹೋಗ್ರಮ್ಮಾ, ಹಸೀ ಮಗೂಗೆ ಈ ಥಂಡಿ ಆಗ್ಬರಲ್ಲ. ನಮ್ಮ ಸಂಡಿಗೇಗೇ ಆಗ್ಬರಲಿಲ್ಲ," ಅಂದರು.

"ಹೌದು ಭಾಯ್," ಸುರಯ್ಯಾ ಫ್ಯಾನಿನ ಕೆಳಗಿಂದ ಅಲುಗಾಡದೆ ಹೇಳಿದಳು. "ನಮ್ಮಲ್ಲೂ ಹೆರಿಗೆ ಆಗಿ ನಲವತ್ತು ದಿನದ ಚಾಲೀಸು ಮುಗಿದ್ರೂ ಫ್ಯಾನ್ ಹಾಕಲ್ಲ."

"ನಾನು ಫ್ಯಾನು ಆರಿಸ್ತೀನಿ ಅತ್ತೆ! ತಟ್ಟಿ ಕಿತ್ತು ಹಾಕ್ತೀನಿ! ಒಲೆ ಹಚ್ಚಿಡ್ತೀನಿ!" ಕಿರಣಕುಮಾರ ಕಿಟಕಿಗೆ ಓಡಿ ತಟ್ಟಿಗೆ ಕೈಹಾಕಿದ. ನಯಾಜ್ ಅದನ್ನು ಬಲವಾಗಿ ಕಟ್ಟಿದ್ದ. ಅದು ಬರಲಿಲ್ಲ.

"ನೆಲ ಏನು ಮಾಡ್ತೀರಿ?" ಆಂಜನಮ್ಮ ಕೇಳಿದರು. ಆಮೇಲೆ ಅವರ ದನಿ ಸ್ವಲ್ಪ ಮೆತ್ತಗಾಯಿತು. "ನಿಮ್ಮ ಮನಸ್ಸು ಒಳ್ಳೇದೇ, ಗೊತ್ತು ನಂಗೆ. ಮನೆ ಮತ್ತೆ ಬೆಚ್ಚಗಾದ ಮೇಲೆ ಫೋನ್ ಮಾಡಿ. ಇಲ್ಲಾಂದ್ರೆ ಶ್ರಾವಣಕ್ಕೆ ನೋಡೋಣ."

ಹಂಸ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ಅವನನ್ನು ನೋಡಿದಳೋ, ಫ್ಯಾನನ್ನು ನೋಡಿದಳೋ, ಕಣ್ಣಲ್ಲಿ ನೀರಂತೂ ಇತ್ತು. ಅವನು ಮೆಟ್ಟಿಲಿಳಿದು ಆಟೋ ತನಕ ಹೋದ. ಶಾಲಿನ ಸಂದಿಯಲ್ಲಿ ಮಗಳು ಅವನ ಬಿಳೀ ಕಿವಿಗಳನ್ನು ಕಣ್ಣು ಮಿಟುಕಿಸದೆ ನೋಡಿದಳು. ಮೊದಲ ಸಲ ಅವನನ್ನು ನೋಡಿ ನಕ್ಕಳು. ಆಟೋ ತಿರುಗಿ ಹೊರಟುಹೋಯಿತು.

ಗೇಟಿನ ಹತ್ತಿರ ಫೈಸಲ್ ಕುಂಚಗಳನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಕಿರಣಕುಮಾರ ಅವನ ಪಕ್ಕ ಕಲ್ಲಿನ ಮೇಲೆ ಕೂತ. ಕಾಲಿಗೆ ಅಂಟಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೇಳಿದ.

"ಫೈಸಲ್, ಆ ಬಣ್ಣ ಕೆರೆದು ತೆಗೆಯೋಕಾಗುತ್ತಾ?"

ಫೈಸಲ್‌ನ ಮುಖ ಸಣ್ಣಗಾಯಿತು. ತನ್ನ ಕೆಲಸದ ಮೇಲೆ ಅನುಮಾನ ಪಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಏನ್ ಸರ್ ಹಿಂಗಂತೀರಾ? ಲೋಕಲ್ ಮಾಲ್ ಅಂದ್ಕೊಂಡ್ರಾ? ಎರಡು ಕೈ ಹೊಡೆದಿದೀನಿ. ಮಳೆ ಬರ್ಲಿ, ಬಿಸಿಲು ಬರ್ಲಿ, ಏಳು ವರ್ಷ ಗ್ಯಾರಂಟಿ. ಏಳು ವರ್ಷದೊಳಗೆ ಈ ಮನೆ ಬಿಸಿ ಆಯ್ತು ಅಂದ್ರೆ ನನ್ನ ಹೆಸರು ಬದಲಾಯಿಸಿ ಸರ್!"

ಅಂದವನೇ ಚೀಲ ಹೆಗಲಿಗೇರಿಸಿ, ಸಲಾಮು ಹೊಡೆದು, ಶಿವಾಜಿನಗರದ ಬಸ್ಸು ಹಿಡಿಯಲು ಹೊರಟ.